ಉಗುರಲ್ಲಿ ಹೋಗೋ ಕಳೆಗೆ ಕೊಡಲಿ ಯಾಕೆ? ಕೈತೋಟದ ಕಳೆ ನಿರ್ವಹಣೆ



ಮುಂಗಾರು ಶುರುವಾದರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ: “ಹಿತ್ತಲಲ್ಲಿ ತರಕಾರಿ ಹಾಕಿದ್ದೀವಿ, ಕಳೆ ಮುಚ್ಚಿಬಿಟ್ಟಿದೆ. ಯಾವ ಔಷಧಿ ಹೊಡೀಲಿ?”

ಯಾವುದೂ ಬೇಡ ಅಂತೀನಿ. ಅರ್ಧ ಗುಂಟೆ, ಒಂದು ಗುಂಟೆ ಕೈತೋಟದಲ್ಲಿ ಟೊಮೆಟೊ, ಬೀನ್ಸ್, ಸೊಪ್ಪು ಎಲ್ಲಾ ಒತ್ತೊತ್ತಾಗಿ ಇರುತ್ತೆ. ಗ್ಲೈಫೋಸೇಟ್‌ಗೆ ಕಳೆ ಯಾವುದು, ಬೆಳೆ ಯಾವುದು ಅನ್ನೋ ಭೇದ ಇಲ್ಲ. 2,4-ಡಿ ಅಂತೂ ಪಕ್ಕದ ಹೊಲದಲ್ಲಿ ಹೊಡೆದರೂ ಗಾಳಿಯಲ್ಲಿ ತೇಲಿ ಬಂದು ಟೊಮೆಟೊ ಎಲೆ ಮುರುಟಿಸುತ್ತೆ. ಮೇಲಾಗಿ, ಆ ಮಡಿಯ ಸೊಪ್ಪು ಸಂಜೆ ನಮ್ಮನೆ ಮಕ್ಕಳ ತಟ್ಟೆಗೇ ಬರೋದು.

ತೋಟಗಾರಿಕೆ ಓದಿ ಸಾವಯವ ತರಕಾರಿ ಬೆಳೀತಿರೋ ನನಗೆ ಅನುಭವ ಕಲಿಸಿದ ಪಾಠ ಇಷ್ಟೇ: ನಮ್ಮ ಹೋರಾಟ ಮಣ್ಣೊಳಗಿನ ಬೀಜದ ಜೊತೆ. ಚೆನ್ನಾಗಿ ಬೆಳೆದ ಒಂದೇ ಪಾರ್ಥೇನಿಯಂ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಅದು ಹುಟ್ಟಿ 4ರಿಂದ 6 ವಾರಕ್ಕೇ ಹೂ ಬಿಡುತ್ತೆ. ಹೂವಿಗೆ ಮುಂಚೆ ಕಿತ್ತರೆ ಒಂದು ಗಿಡದ ಕೆಲಸ. ಬಿಟ್ಟರೆ ಮುಂದಿನ ಹಲವು ವರ್ಷಗಳ ಕೆಲಸ.

1. ಬಿತ್ತೋ ಮುಂಚೆ ಕಳೆ ಹುಟ್ಟಿಸಿ

ಕೇಳೋಕೆ ವಿಚಿತ್ರ ಅನ್ನಿಸಬಹುದು. ಮಡಿ ಸಿದ್ಧ ಮಾಡಿ ನೀರು ಕೊಟ್ಟು 10ರಿಂದ 14 ದಿನ ಸುಮ್ಮನೆ ಬಿಡಿ. ಮೇಲ್ಮಣ್ಣಿನ ಕಳೆ ಬೀಜ ಮೊಳೆಯುತ್ತೆ. ಎರಡೆಲೆ ಬಂದಾಗ, ಬಿಸಿಲಿರೋ ದಿನ, ಕುರುಪಿಯಿಂದ ಒಂದು ಇಂಚಿಗಿಂತ ಆಳ ಹೋಗದ ಹಾಗೆ ಮೇಲ್ಮೇಲೆ ಕೆರೆಯಿರಿ. ಆಳ ಅಗೆದರೆ ಕೆಳಗೆ ಮಲಗಿರೋ ಬೀಜ ಮೇಲೆ ಬಂದು ಹೊಸ ಪೀಳಿಗೆ ಶುರುವಾಗುತ್ತೆ. ಸಮಯ ಇದ್ದರೆ ಇದನ್ನೇ ಇನ್ನೊಮ್ಮೆ ಮಾಡಿ, ಆಮೇಲೆ ಬಿತ್ತಿ ಅಥವಾ ಸಸಿ ನಾಟಿ ಮಾಡಿ.

ಏಪ್ರಿಲ್-ಮೇ ತಿಂಗಳಲ್ಲಿ ಮಡಿ ಖಾಲಿ ಇದ್ದರೆ ಚೆನ್ನಾಗಿ ನೀರುಣಿಸಿ, ತೆಳು ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚನ್ನು ಮಣ್ಣಲ್ಲಿ ಮುಚ್ಚಿ. 4ರಿಂದ 6 ವಾರ ಬಿಸಿಲಿಗೆ ಕಾದ ಮೇಲ್ಮಣ್ಣಲ್ಲಿ ಬಹಳಷ್ಟು ಕಳೆ ಬೀಜ ಸಾಯುತ್ತೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಲ್ಲಿ ಮಣ್ಣು ಹೆಚ್ಚು ಕಾಯುತ್ತೆ.

2. ಗೊಬ್ಬರದಲ್ಲೇ ಕಳೆ ತರಬೇಡಿ

ದನ ತಿಂದ ಕಳೆ ಬೀಜ ಎಷ್ಟೋ ಸಲ ಸಗಣಿಯಲ್ಲಿ ಜೀವಂತವಾಗೇ ಹೊರಬರುತ್ತೆ. ಹಸಿ ಸಗಣಿ ಹಾಕಿದರೆ ನಾವೇ ಬಿತ್ತಿದ ಹಾಗೆ. ತಿಪ್ಪೆಯನ್ನ ತಿರುವಿ ಹಾಕಿ, ಒಳಗೆ ಕೈಗೆ ತಡೆಯದಷ್ಟು ಬಿಸಿಯಾಗಿ ಕಳಿತ ಗೊಬ್ಬರವನ್ನಷ್ಟೇ ಬಳಸಿ.

3. ಮೊದಲ 6 ವಾರ ಕಾಯಿರಿ

ಟೊಮೆಟೊ, ಬದನೆ, ಮೆಣಸಿನಕಾಯಿ ನಾಟಿ ಮಾಡಿದ ಮೊದಲ 30ರಿಂದ 45 ದಿನ ಮುಖ್ಯ. ಆಗ ಕಳೆ ಮುಂದಾದರೆ ಇಳುವರಿ ಹೋಯ್ತು ಅಂತಲೇ ಲೆಕ್ಕ. ಆಮೇಲೆ ಬೆಳೆಯ ನೆರಳೇ ಅರ್ಧ ಕಳೆಯನ್ನ ತಡೆಯುತ್ತೆ. ಈರುಳ್ಳಿ ಎಲೆ ಸಣ್ಣದು, ನೆರಳು ಕೊಡಲ್ಲ. ಅದಕ್ಕೆ ಎರಡು ತಿಂಗಳಾದರೂ ಗಮನ ಬೇಕು.

ವಾರಕ್ಕೆ ಎರಡು ಸಲ, ಮಳೆ ಅಥವಾ ನೀರಿನ ಮಾರನೇ ದಿನ, 15 ನಿಮಿಷ ಸಾಕು. ಮಣ್ಣು ಹಸಿ ಇದ್ದಾಗ ಬೇರು ಸಮೇತ ಬರುತ್ತೆ. ತಿಂಗಳಿಗೊಮ್ಮೆ ಇಡೀ ದಿನ ಬಗ್ಗಿ ಕೀಳೋ ಕೆಲಸ ಮನೆಯ ಹೆಣ್ಣುಮಕ್ಕಳ ಸೊಂಟಕ್ಕೆ ಬೀಳೋದು ತಪ್ಪುತ್ತೆ.

4. ಬರಿ ಮಣ್ಣು ಬಿಡಬೇಡಿ

ಸಸಿ ಊರಿದ ಮೇಲೆ 3-4 ಇಂಚು ದಪ್ಪ ಹೊದಿಕೆ ಹಾಕಿ: ಒಣ ಎಲೆ, ಕಬ್ಬಿನ ರವದಿ, ಕತ್ತರಿಸಿದ ತೆಂಗಿನ ಗರಿ, ಗ್ಲಿರಿಸಿಡಿಯಾ ಸೊಪ್ಪು, ನಿಮ್ಮಲ್ಲಿ ಏನು ಸಿಗುತ್ತೋ ಅದು. ಕಾಂಡದಿಂದ ಎರಡು ಬೆರಳು ದೂರ ಇರಲಿ, ಇಲ್ಲದಿದ್ದರೆ ಬುಡ ಕೊಳೆಯಬಹುದು. ಬೀಜ ಕಟ್ಟಿದ ಹುಲ್ಲು, ಕಳೆನಾಶಕ ಹೊಡೆದ ಹೊಲದ ಹುಲ್ಲು ಎರಡೂ ಬೇಡ. ಡ್ರಿಪ್ ಇದ್ದರೆ ಇನ್ನೂ ಒಳ್ಳೇದು. ಸಾಲಿನ ಮಧ್ಯೆ ಮಣ್ಣು ಒಣಗಿದ್ದರೆ ಬೇಸಿಗೆಯಲ್ಲಿ ಅಲ್ಲಿ ಕಳೆ ಕಡಿಮೆ.

5. ಜೇಕಿಗೆ ಬೇರೆ ಲೆಕ್ಕ

ಜೇಕು, ಅಂದರೆ ಕೊನ್ನಾರಿ ಗಡ್ಡೆ, ನೆಲದೊಳಗಿನ ಗಡ್ಡೆಯಿಂದ ಹಬ್ಬುತ್ತೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಚುಚ್ಚಿಕೊಂಡು ಬರುತ್ತೆ. ಮೇಲಿನ ಎಲೆ ಮಾತ್ರ ಒಮ್ಮೆ ಕಿತ್ತರೆ ಗಡ್ಡೆ ಮತ್ತೆ ಚಿಗುರುತ್ತೆ. ಟಿಲ್ಲರ್ ಹೊಡೆದರೆ ಗಡ್ಡೆ ತುಂಡಾಗಿ ತೋಟವೆಲ್ಲಾ ಹರಡುತ್ತೆ. ಆದಷ್ಟು ಗಡ್ಡೆ ಸಮೇತ ಅಗೆದು ತೆಗೀರಿ. ಉಳಿದಿದ್ದನ್ನ ಎರಡು ವಾರಕ್ಕೊಮ್ಮೆ ಬಿಡದೆ ಸವರಿದರೆ ಗಡ್ಡೆಯ ಶಕ್ತಿ ಖಾಲಿಯಾಗುತ್ತೆ. ಇದಕ್ಕೆ ನೆರಳು ಆಗಲ್ಲ, ಹಾಗಾಗಿ ಆ ಜಾಗಕ್ಕೆ ಗೆಣಸು, ಅಲಸಂದೆ ಅಥವಾ ಕುಂಬಳ ಹಬ್ಬಿಸಿ. ಒಂದೇ ಹಂಗಾಮಲ್ಲಿ ಪೂರ್ತಿ ಹೋಗಲ್ಲ, ತಾಳ್ಮೆ ಬೇಕು.

6. ಕಿತ್ತಿದ್ದನ್ನ ಏನು ಮಾಡೋದು?

ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು ಎಳೆಯದಿದ್ದರೆ ಅಡುಗೆಮನೆಗೆ ಕೊಡಿ, ಬೆರಕೆ ಸೊಪ್ಪಿನ ಸಾರಾಗುತ್ತೆ. ಆದರೆ ಗುರುತು ಗೊತ್ತಿರೋ ಸೊಪ್ಪು ಮಾತ್ರ. ಗೋಣಿ, ಕನ್ನೆ ತುಂಡುಗಳನ್ನ ಹಸಿ ಮಣ್ಣ ಮೇಲೆ ಬಿಸಾಡಬೇಡಿ, ಮತ್ತೆ ಬೇರು ಬಿಡುತ್ತೆ. ಕಲ್ಲಿನ ಮೇಲೆ ಒಣಗಿಸಿ. ಹೂ ಬಿಡದ ಪಾರ್ಥೇನಿಯಂ ತಿಪ್ಪೆಗೆ ಹಾಕಬಹುದು. ಅದನ್ನ ಕೀಳುವಾಗ ಕೈಗವಸು, ಮುಖಕ್ಕೆ ಬಟ್ಟೆ ಕಡ್ಡಾಯ. ತುಂಬಾ ಜನಕ್ಕೆ ಚರ್ಮದ ಅಲರ್ಜಿ, ಉಬ್ಬಸ ಬರುತ್ತೆ.

ಈ ವಾರದ ಕೆಲಸ

ಫೋನಲ್ಲಿ ವಾರಕ್ಕೆ ಎರಡು ಅಲಾರಂ ಇಡಿ, ಒಂದೊಂದಕ್ಕೂ 15 ನಿಮಿಷ. ಬೇರೆ ಏನೂ ಆಗದಿದ್ದರೂ ಮೊದಲು ಹೂ ಬಿಟ್ಟಿರೋ, ಮೊಗ್ಗು ಕಟ್ಟಿರೋ ಕಳೆ ಹುಡುಕಿ ತೆಗೀರಿ. ಅಷ್ಟು ಮಾಡಿದರೂ ಮುಂದಿನ ಹಂಗಾಮಿನ ಅರ್ಧ ಕೆಲಸ ಈಗಲೇ ಮುಗಿದ ಹಾಗೆ.