ಆರ್‌ಟಿಇ ಸೀಟು: ಅರ್ಜಿಗೆ ಮುಂಚೆ ನಿಮ್ಮ ವಾರ್ಡ್ ನೋಡಿಕೊಳ್ಳಿ

ನಮ್ಮ ಬೀದಿಯ ಇಸ್ತ್ರಿ ಅಂಗಡಿಯಾಕೆ ಮಗಳ ಅರ್ಜಿ ಹಾಕಲು ಸೈಬರ್ ಸೆಂಟರ್‌ಗೆ ಹೋಗಿ ಸಪ್ಪೆ ಮುಖ ಮಾಡಿಕೊಂಡು ಬಂದರು. ಪ್ಲಾಸ್ಟಿಕ್ ಕವರಿನೊಳಗೆ ಆಧಾರ್, ಜಾತಿ-ಆದಾಯ ಪತ್ರ, ಫೋಟೊ ಎಲ್ಲವೂ ಇದ್ದವು. ಆದರೆ ಕಂಪ್ಯೂಟರ್ ತೋರಿಸಿದ ಪಟ್ಟಿಯಲ್ಲಿ ಮನೆ ಎದುರಿನ ಇಂಗ್ಲಿಷ್ ಮೀಡಿಯಂ ಶಾಲೆಯ ಹೆಸರೇ ಇರಲಿಲ್ಲ. "ನಮ್ಮಕ್ಕನ ಮಗ ಅದೇ ಶಾಲೇಲಿ ಆರ್‌ಟಿಇನಲ್ಲಿ ಓದ್ತಿದಾನಲ್ಲ ಸಾರ್, ನಮಗ್ಯಾಕಿಲ್ಲ?"

ಅಕ್ಕನ ಮಗ ಒಂದನೇ ತರಗತಿಗೆ ಸೇರಿದ್ದು 2018ರಲ್ಲಿ. ಉತ್ತರ ಅಲ್ಲೇ ಇದೆ.

ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ಸೆಕ್ಷನ್ 12(1)(ಸಿ) ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. ಅವರ ಶುಲ್ಕವನ್ನು ಸರ್ಕಾರ ತುಂಬಿಕೊಡುತ್ತಿತ್ತು: ಒಂದನೇ ತರಗತಿಗೆ ವರ್ಷಕ್ಕೆ ಗರಿಷ್ಠ 16 ಸಾವಿರ ರೂಪಾಯಿ, ಎಲ್‌ಕೆಜಿಗೆ 8 ಸಾವಿರ. ಒಂದೆಡೆ ಈ ಬಾಬತ್ತಿಗೆ ನೂರಾರು ಕೋಟಿ ಹೋಗುತ್ತಿತ್ತು, ಇನ್ನೊಂದೆಡೆ ಸರ್ಕಾರಿ ಶಾಲೆಗಳ ಬೆಂಚು ಖಾಲಿಯಾಗುತ್ತಿತ್ತು. 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಖಾಸಗಿ ಶಾಲೆಯಲ್ಲಿ ಈ ಕೋಟಾ ಇಲ್ಲ. 2019ರ ಮೇ 31ರಂದು ಹೈಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಲಕ್ಷ ದಾಟಿದ್ದ ಸೀಟು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಕ್ಕೆ ಕುಸಿಯಿತು. ದುಡ್ಡು ಉಳಿಯಿತೇನೋ ಸರಿ. ಬಾಗಿಲು ಮುಚ್ಚಿಸಿಕೊಂಡ ಮಕ್ಕಳೆಲ್ಲ ಸರ್ಕಾರಿ ಶಾಲೆಗೆ ಬಂದರು ಎಂದು ನನಗಂತೂ ಅನ್ನಿಸುವುದಿಲ್ಲ. ಸಾಲ ಮಾಡಿ ಶುಲ್ಕ ಕಟ್ಟುವ ಮನೆಗಳು ನಮ್ಮ ಬೀದಿಯಲ್ಲೇ ನಾಲ್ಕಿವೆ.

ಹಾಗಾದರೆ ಈಗ ಮಾಡಬೇಕಾದ್ದೇನು?

1. ಮೊದಲು ವಾರ್ಡ್. ನೆರೆಹೊರೆ ಎಂದರೆ ಹಳ್ಳಿಯಲ್ಲಿ ಗ್ರಾಮ, ಪಟ್ಟಣದಲ್ಲಿ ವಾರ್ಡ್. ಎದುರುಗಡೆಯ ಶಾಲೆಯೇ ಬೇರೆ ವಾರ್ಡಿಗೆ ಸೇರಿರಬಹುದು. ಸರ್ಟಿಫಿಕೇಟಿಗೆ ಓಡಾಡುವ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ, ನಿಮ್ಮ ವಾರ್ಡಿನಲ್ಲಿ ಸೀಟಿರುವ ಶಾಲೆ ಯಾವುದೆಂದು ಕೇಳಿ. ಅರ್ಧ ಗಂಟೆಯ ಕೆಲಸ. ಇಸ್ತ್ರಿ ಅಂಗಡಿಯಾಕೆ ಇದನ್ನು ಮಾಡದೆ ಮೂರು ದಿನದ ದುಡಿಮೆ ಕಳೆದುಕೊಂಡರು.

2. ಅನುದಾನಿತ ಶಾಲೆಗಳನ್ನು ಮರೆಯಬೇಡಿ. ಉಳಿದಿರುವ ಸೀಟುಗಳಲ್ಲಿ ಇವುಗಳದ್ದೇ ದೊಡ್ಡ ಪಾಲು. ಹಳೆಯ ಕಟ್ಟಡ, ಮಾಸಿದ ಬೋರ್ಡು ನೋಡಿ ಜನ ಮುಂದೆ ಹೋಗುತ್ತಾರೆ. ಒಳಗೆ ಕಾಯಂ ಶಿಕ್ಷಕರಿರುತ್ತಾರೆಯೇ ಎಂದು ವಿಚಾರಿಸಿ.

3. ಸೀಟಿದೆ ಎಂದಾದರೆ ಮಾತ್ರ ಕಾಗದಪತ್ರ. ಜಾತಿ-ಆದಾಯ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ಮಗುವಿನ ಹೆಸರು ಆಧಾರ್‌ನಲ್ಲೂ ಜನನ ಪತ್ರದಲ್ಲೂ ಒಂದೇ ತೆರನಾಗಿರಲಿ, ಒಂದಕ್ಷರ ಆಚೀಚೆಯಾದರೂ ತಾಪತ್ರಯ.

4. ಸೀಟಿಲ್ಲವೆಂದರೆ ಸರ್ಕಾರಿ ಶಾಲೆಯನ್ನು ಕಣ್ಣಾರೆ ನೋಡಿ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹೋಗಿ. ಸಾಲಿನಲ್ಲಿ ಎಷ್ಟು ತಟ್ಟೆ ಇವೆ ಎಂದು ಎಣಿಸಿದರೆ ನಿಜವಾದ ಹಾಜರಾತಿ ಗೊತ್ತಾಗುತ್ತದೆ, ರಿಜಿಸ್ಟರ್ ಬೇಕಿಲ್ಲ. ಕಾಯ್ದೆಯಂತೆ 1ರಿಂದ 5ನೇ ತರಗತಿವರೆಗೆ 60 ಮಕ್ಕಳಿರುವ ತನಕ ಇಬ್ಬರು ಶಿಕ್ಷಕರು. 61 ಆದರೆ ಮೂವರು. ಹಾಗಾಗಿ ಹೆಡ್‌ಮಾಸ್ಟರನ್ನು ಕೇಳಬೇಕಾದ್ದು ಇಷ್ಟು: ಕಾಯಂ ಎಷ್ಟು ಜನ, ಅತಿಥಿ ಶಿಕ್ಷಕರು ಎಷ್ಟು ಜನ, ಒಬ್ಬರು ರಜೆ ಹಾಕಿದರೆ ಪಾಠ ಯಾರು ಮಾಡುತ್ತಾರೆ? ಸರ್ಕಾರಿ ಶಾಲೆಗಳ ನಲಿ-ಕಲಿ ಕಲಿಕೆಯಲ್ಲಿ 1ರಿಂದ 3ನೇ ತರಗತಿ ಒಂದೇ ಕೋಣೆಯಲ್ಲಿ ಕೂರುವುದು ಪದ್ಧತಿಯೇ, ಅದನ್ನು ಕಂಡು ಗಾಬರಿಯಾಗಬೇಡಿ. ಐದೂ ತರಗತಿ ಒಬ್ಬರ ಕೈಲಿದ್ದರೆ ಮಾತ್ರ ಯೋಚಿಸಿ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರದಲ್ಲಿದ್ದರೆ ಅದನ್ನೂ ವಿಚಾರಿಸಿ.

5. ಶಾಲೆ ವಿಲೀನದ ಮಾತು ಕೇಳಿಬಂದರೆ. ಮಕ್ಕಳು ಕಡಿಮೆಯಾದ ಶಾಲೆಗೆ ಈ ಭಯ ತಪ್ಪಿದ್ದಲ್ಲ. ಬೀದಿಯಲ್ಲಿ ಕೂಗಾಡುವುದಕ್ಕಿಂತ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆಸಿ. ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕೆಂಬುದು ಕಾಯ್ದೆ. 1ರಿಂದ 5ನೇ ತರಗತಿಗೆ ಶಾಲೆ ಒಂದು ಕಿಲೋಮೀಟರಿನೊಳಗೆ, 6ರಿಂದ 8ಕ್ಕೆ ಮೂರು ಕಿಲೋಮೀಟರಿನೊಳಗೆ ಇರಬೇಕು. ಹೊಸ ಶಾಲೆಯ ದೂರ ಅಳೆದು, ದಾರಿಯಲ್ಲಿ ಹೆದ್ದಾರಿಯೋ ಹಳ್ಳವೋ ಇದ್ದರೆ ಅದನ್ನೂ ಠರಾವಿನಲ್ಲಿ ಬರೆಸಿ ಬಿಇಒಗೆ ಕೊಡಿ. ದೂರವಾದರೆ ವಾಹನದ ವ್ಯವಸ್ಥೆ ಕೇಳಿ. ಕೊಟ್ಟ ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಇನ್ನು 2018ರಲ್ಲಿ, ಅದಕ್ಕೂ ಮೊದಲು ಸೀಟು ಪಡೆದವರ ಮಾತು. ಆರ್‌ಟಿಇ ಉಚಿತ ಶಿಕ್ಷಣ 8ನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಶುಲ್ಕ. ಸರ್ಕಾರಿ ಪ್ರೌಢಶಾಲೆ ಶುರುವಾಗುವುದು 8ರಿಂದ, ಆದ್ದರಿಂದ ಶಾಲೆ ಬದಲಿಸುವ ಯೋಚನೆಯಿದ್ದರೆ 7 ಮುಗಿದಾಗಲೇ ಬದಲಿಸುವುದು ಮಗುವಿಗೆ ಸಲೀಸು. ಮಗುವಿನ ಸ್ಯಾಟ್ಸ್ (ವಿದ್ಯಾರ್ಥಿ ಗುರುತಿನ) ಸಂಖ್ಯೆ ಬರೆದಿಟ್ಟುಕೊಳ್ಳಿ. ಟಿಸಿ ತಡವಾಯಿತೆಂದು ಹೊಸ ಶಾಲೆ ಎಂಟನೇ ತರಗತಿವರೆಗಿನ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಇಸ್ತ್ರಿ ಅಂಗಡಿಯಾಕೆಯ ಅಕ್ಕನಿಗೆ ಈ ವಿಷಯ ಗೊತ್ತಾದಾಗ ಮಗ ಎಂಟರ ಅರ್ಧವಾರ್ಷಿಕ ಪರೀಕ್ಷೆ ಬರೆಯುತ್ತಿದ್ದ.