ಬೆಳಕಿನಿಂದ ಊಟ ಪಡೆಯುವ ಚಿಪ್ಪುಜೀವಿ: ಹವಳದ ಅಕ್ವೇರಿಯಂ ಮೂಲಕ ಸಹಜೀವನದ ಪಾಠ

ತರಗತಿ: 9 | ವಿಷಯ: ವಿಜ್ಞಾನ | ಅವಧಿ: 40 ನಿಮಿಷ

ಈ ಪಾಠವಸ್ತು ಏಕೆ?

ಸಹಜೀವನಕ್ಕೆ ಉದಾಹರಣೆ ಕೇಳಿದರೆ ಮಕ್ಕಳು ಕಲ್ಲುಹೂವು, ದ್ವಿದಳ ಸಸ್ಯಗಳ ಬೇರುಗಂಟು ಎಂದು ಹೇಳಿ ನಿಲ್ಲಿಸುತ್ತಾರೆ. ಆ ಸಂಬಂಧ ಕೆಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಟ್ರೈಡಾಕ್ನಾ ಜಾತಿಯ ಬೃಹತ್ ಚಿಪ್ಪುಜೀವಿಯಲ್ಲಿ ಆ ಕೇಡು ಬಣ್ಣದಲ್ಲೇ ಕಾಣುತ್ತದೆ. ಮನೆಯ ಹವಳದ ಅಕ್ವೇರಿಯಂನಲ್ಲಿ ಅದನ್ನು ಸಾಕುವವರು ದಿನವೂ ಕೇಳಿಕೊಳ್ಳುವ ಪ್ರಶ್ನೆ 'ಇದು ಏಕೆ ಸೊರಗುತ್ತಿದೆ?' ಎಂಬುದು. ನಮ್ಮ ಪಾಠದ ಪ್ರಶ್ನೆಯೂ ಅದೇ.

ಬೋಧಕರಿಗೆ ವಿಷಯಜ್ಞಾನ

ಟ್ರೈಡಾಕ್ನಾ ಎರಡು ಕವಾಟಗಳ ಮೃದ್ವಂಗಿ. ಇವುಗಳಲ್ಲಿ ಅತಿ ದೊಡ್ಡದಾದ ಗಿಗಾಸ್ 1 ಮೀಟರಿಗೂ ಹೆಚ್ಚು ಉದ್ದ, 200 ಕಿಲೋಗ್ರಾಂಗೂ ಹೆಚ್ಚು ತೂಕ ಬೆಳೆಯಬಲ್ಲದು. ಅಕ್ವೇರಿಯಂಗಳಲ್ಲಿ ಸಾಮಾನ್ಯವಾಗಿ ಕಾಣುವವು ಚಿಕ್ಕವಾದ ಕ್ರೋಸಿಯಾ, ಮ್ಯಾಕ್ಸಿಮಾ, ಸ್ಕ್ವಮೋಸಾ ಮತ್ತು ಡೆರಾಸಾ. ಚಿಪ್ಪಿನ ಹೊರಗೆ ಚಾಚಿಕೊಳ್ಳುವ ಬಣ್ಣದ ಮಾಂಸಲ ಪದರವೇ ಮ್ಯಾಂಟಲ್. ಜಠರದಿಂದ ಕವಲೊಡೆದು ಬರುವ ಸೂಕ್ಷ್ಮ ನಾಳಗಳಲ್ಲಿ, ಈ ಮ್ಯಾಂಟಲ್ ಒಳಗೆ, ಏಕಕೋಶ ಶೈವಲಗಳು ವಾಸಿಸುತ್ತವೆ. ಹವಳದಲ್ಲಿ ಶೈವಲ ಜೀವಕೋಶದ ಒಳಗಿರುತ್ತದೆ, ಇಲ್ಲಿ ನಾಳದಲ್ಲಿರುತ್ತದೆ. ಶೈವಲ ದ್ಯುತಿಸಂಶ್ಲೇಷಣೆ ಮಾಡಿ ಸಕ್ಕರೆಯ ಪಾಲು ಕೊಡುತ್ತದೆ. ಚಿಪ್ಪುಜೀವಿ ನೆಲೆಯನ್ನೂ ಇಂಗಾಲದ ಡೈಆಕ್ಸೈಡನ್ನೂ ಸಾರಜನಕದ ತ್ಯಾಜ್ಯವನ್ನೂ ಒದಗಿಸುತ್ತದೆ. ಜೊತೆಗೆ ಅದು ನೀರನ್ನು ಸೋಸಿಯೂ ತಿನ್ನುತ್ತದೆ.

ತೊಟ್ಟಿಯಲ್ಲಿ ಅದಕ್ಕೆ ಬೇಕಾದವು:
• ಉಷ್ಣತೆ ಸುಮಾರು 25–26 ಡಿಗ್ರಿ ಸೆಲ್ಸಿಯಸ್. ಲವಣಾಂಶ ಸಾವಿರಕ್ಕೆ 35 ಭಾಗ
• ಪಿಎಚ್ 8.1–8.4
• ಕ್ಯಾಲ್ಸಿಯಂ ಲೀಟರಿಗೆ 400–450 ಮಿಲಿಗ್ರಾಂ. ಕ್ಷಾರತೆ 8–11 ಡಿಕೆಎಚ್
• ಪ್ರಖರ ಬೆಳಕು (ಕ್ರೋಸಿಯಾ, ಮ್ಯಾಕ್ಸಿಮಾಗಳಿಗೆ ಹೆಚ್ಚು, ಡೆರಾಸಾ, ಸ್ಕ್ವಮೋಸಾಗಳಿಗೆ ತುಸು ಕಡಿಮೆ ಸಾಕು)
• ಸ್ವಲ್ಪ ನೈಟ್ರೇಟ್, ಸ್ವಲ್ಪ ಫಾಸ್ಫೇಟ್

ಉದ್ದೇಶಗಳು

ವಿದ್ಯಾರ್ಥಿಯು (1) ಸಹಜೀವನದಲ್ಲಿ ಎರಡೂ ಪಕ್ಷಗಳ ಕೊಡುಕೊಳ್ಳುವಿಕೆಯನ್ನು ವಿವರಿಸುತ್ತಾನೆ/ಳೆ. (2) ಲಕ್ಷಣಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸ ಗುರುತಿಸುತ್ತಾನೆ/ಳೆ. (3) ತೀರ್ಮಾನಕ್ಕೆ ಪುರಾವೆ ಒದಗಿಸುತ್ತಾನೆ/ಳೆ.

ಬೋಧನೋಪಕರಣಗಳು

ಖಾಲಿ ಚಿಪ್ಪುಗಳು, ವಿನೆಗರ್, ಎರಡು ಗಾಜಿನ ಲೋಟ, ಮೇಲಿನ ಅಳತೆಗಳ ಪಟ್ಟಿ, ನಾಲ್ಕು ತೊಟ್ಟಿಗಳ ವಿವರದ ಕಾರ್ಡುಗಳು. ಜೀವಂತ ಟ್ರೈಡಾಕ್ನಾ ತರುವ ಮಾತೇ ಬೇಡ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಬದುಕುವ ಮ್ಯಾಕ್ಸಿಮಾ, ಸ್ಕ್ವಮೋಸಾ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಇದನ್ನು ಮಕ್ಕಳಿಗೂ ತಿಳಿಸಿ.

ಪಾಠದ ಬೆಳವಣಿಗೆ

ಹಂತ 1: ಪೂರ್ವಜ್ಞಾನ (7 ನಿಮಿಷ). ಕರಾವಳಿಯ ಮಕ್ಕಳಿಗೆ ಮರುವಾಯಿ, ಬಳಚು ಗೊತ್ತು. ಒಳನಾಡಿನವರಿಗೆ ಚಿಪ್ಪು ಸುಟ್ಟು ಮಾಡುವ ಸುಣ್ಣದ ಮಾತು ತಿಳಿದಿರಬಹುದು. 'ಚಿಪ್ಪಿನ ಸುಣ್ಣ ಎಲ್ಲಿಂದ ಬಂತು?' ಎಂದು ಕೇಳಿ. ಒಂದು ಚಿಪ್ಪನ್ನು ನೀರಿಗೆ, ಇನ್ನೊಂದನ್ನು ವಿನೆಗರಿಗೆ ಹಾಕಿ. ವಿನೆಗರಿನಲ್ಲಿ ಗುಳ್ಳೆ ಏಳುತ್ತದೆ. ತೊಟ್ಟಿಯ ನೀರು ಎಂದೂ ಅಷ್ಟು ಆಮ್ಲೀಯವಾಗದು ಎಂದು ಹೇಳಿ. ಪಿಎಚ್ ಇಳಿದಷ್ಟೂ ಚಿಪ್ಪು ಕಟ್ಟುವುದು ಕಷ್ಟವಾಗುತ್ತದೆ ಎಂಬುದಷ್ಟೇ ಇಲ್ಲಿಯ ತಾತ್ಪರ್ಯ.

ಹಂತ 2: ವಿವರಣೆ (10 ನಿಮಿಷ). ಮ್ಯಾಂಟಲ್ ಚಿತ್ರ ಬರೆದು, ಕೊಡುವುದು ಮತ್ತು ಪಡೆಯುವುದನ್ನು ಬಾಣಗಳಿಂದ ತೋರಿಸಿ. 'ಹಾಗಾದರೆ ಅದು ಸಸ್ಯವೇ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರಿಸುವ ಮುನ್ನ 'ದ್ಯುತಿಸಂಶ್ಲೇಷಣೆ ಮಾಡುವವರು ಯಾರು?' ಎಂದು ತಿರುಗಿ ಕೇಳಿ.

ಹಂತ 3: ಗುಂಪು ಚಟುವಟಿಕೆ (15 ನಿಮಿಷ). ಪ್ರತಿ ಗುಂಪಿಗೂ ನಾಲ್ಕೂ ಕಾರ್ಡು ಮತ್ತು ಅಳತೆಗಳ ಪಟ್ಟಿ ಕೊಡಿ.

ತೊಟ್ಟಿ ಅ: ಮ್ಯಾಕ್ಸಿಮಾ, ಮಂದ ದೀಪದ ಕೆಳಗೆ, ತಳದ ಮರಳಿನಲ್ಲಿ. ನೀರಿನ ಅಳತೆಗಳೆಲ್ಲ ಸರಿ. ಮ್ಯಾಂಟಲ್ ಬಿಳಿಚಿದೆ.
ತೊಟ್ಟಿ ಆ: ಪ್ರಖರ ದೀಪ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಮ್ಯಾಂಟಲ್ ಬಿಳಿಚಿದೆ.
ತೊಟ್ಟಿ ಇ: ಹವಳ ತುಂಬಿದೆ. ಕ್ಯಾಲ್ಸಿಯಂ 330, ಕ್ಷಾರತೆ 5. ಬಣ್ಣ ಚೆನ್ನಾಗಿದೆ, ಚಿಪ್ಪಿನ ಅಂಚಿನಲ್ಲಿ ಹೊಸ ಬೆಳವಣಿಗೆಯ ಬಿಳಿ ಗೆರೆ ಇಲ್ಲ.
ತೊಟ್ಟಿ ಈ: ಬೆಳಕು, ನೀರು ಎರಡೂ ಸರಿ. ಚಿಪ್ಪು ಪದೇ ಪದೇ ಮುಚ್ಚಿಕೊಳ್ಳುತ್ತದೆ. ರಾತ್ರಿ ನೋಡಿದರೆ ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಬಸವನಹುಳುಗಳು.

ಪಾಠದ ತಿರುಳು ಅ ಮತ್ತು ಆ ಹೋಲಿಕೆಯಲ್ಲಿದೆ. ಲಕ್ಷಣ ಒಂದೇ, ಕಾರಣ ಬೇರೆ. ಅ ತೊಟ್ಟಿಯಲ್ಲಿ ಶೈವಲಕ್ಕೆ ಬೆಳಕಿಲ್ಲ. ಆ ತೊಟ್ಟಿಯಲ್ಲಿ ಶೈವಲಕ್ಕೆ ಗೊಬ್ಬರವಿಲ್ಲ. 'ನೀರು ಶುದ್ಧವಾದಷ್ಟೂ ಒಳ್ಳೆಯದು' ಎಂಬ ಮಕ್ಕಳ ನಂಬಿಕೆ ಇಲ್ಲಿ ಅಲುಗಾಡುತ್ತದೆ. ಆ ತೊಟ್ಟಿಗೆ ಇನ್ನಷ್ಟು ದೀಪ ಹಾಕಿದರೆ ರೋಗ ವಾಸಿಯಾಗದು. ಇ ತೊಟ್ಟಿಯಲ್ಲಿ ಹವಳಗಳೂ ಅದೇ ಸುಣ್ಣಕ್ಕೆ ಪೈಪೋಟಿ ನಡೆಸುತ್ತವೆ. ಈ ತೊಟ್ಟಿಯ ಹುಳುಗಳು ದೇಹರಸ ಹೀರುವ ಪರಾವಲಂಬಿಗಳು. ಅವನ್ನು ಯಾವ ನೀರಿನ ಪರೀಕ್ಷೆಯೂ ತೋರಿಸದು, ಕಣ್ಣೇ ನೋಡಬೇಕು. ಸಹಜೀವನ, ಪೈಪೋಟಿ, ಪರಾವಲಂಬನೆ ಮೂರೂ ಹೀಗೆ ಒಂದೇ ಚಟುವಟಿಕೆಯಲ್ಲಿ ಬರುತ್ತವೆ.

ಹಂತ 4: ಸಾರಾಂಶ ಮತ್ತು ಮೌಲ್ಯಮಾಪನ (8 ನಿಮಿಷ).
1. ಚಿಪ್ಪುಜೀವಿಗೆ ಬೆಳಕು ಏಕೆ ಬೇಕು?
2. ಮ್ಯಾಂಟಲ್ ಬಿಳಿಚಿದಾಗ ಮೊದಲು ಯಾವ ಎರಡು ಸಂಗತಿ ಪರಿಶೀಲಿಸುವಿರಿ?
3. ಮೀನಿನ ರೋಗಕ್ಕೆ ತಾಮ್ರದ ಔಷಧಿಯನ್ನು ಇದೇ ತೊಟ್ಟಿಗೆ ಹಾಕಬಹುದೇ? (ಬಾರದು, ಅಕಶೇರುಕಗಳಿಗೆ ತಾಮ್ರ ವಿಷ.)

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಕಾರ್ಡು ಓದಿದ ಕೂಡಲೇ ಕೆಲವರು ಉತ್ತರ ಕೂಗುತ್ತಾರೆ. 'ಸರಿ' ಎಂದು ಪುನರ್ಬಲನ ಕೊಡುವ ಬದಲು 'ಕಾರ್ಡಿನ ಯಾವ ಸಾಲು ಹಾಗೆ ಹೇಳುತ್ತದೆ?' ಎಂದು ಕೇಳಿ. ಗುಂಪು ತಪ್ಪು ಕಾರಣ ಹಿಡಿದಿದ್ದರೆ ಅದರಂತೆ ಚಿಕಿತ್ಸೆ ಮಾಡಿದರೆ ಏನಾಗುತ್ತದೆಂದು ಅವರಿಂದಲೇ ಹೇಳಿಸಿ. ಮೇಲ್ವಿಚಾರಕರು ಗಮನಿಸಬೇಕಾದದ್ದೂ ಇದನ್ನೇ: ಎಷ್ಟು ಮಕ್ಕಳು ಸರಿಯುತ್ತರ ಕೊಟ್ಟರು ಎನ್ನುವುದಕ್ಕಿಂತ, ಎಷ್ಟು ಮಕ್ಕಳು ಪುರಾವೆ ತೋರಿಸಿ ಮಾತನಾಡಿದರು ಎಂಬುದನ್ನು.

ಮನೆಗೆಲಸ: ನಿಮ್ಮ ಸುತ್ತಲಿನ ಒಂದು ಗಿಡದ ಎಲೆ ಹಳದಿಯಾಗಿದ್ದರೆ, ಅದಕ್ಕೆ ಇರಬಹುದಾದ ಎರಡು ಕಾರಣ ಬರೆದು, ಅವುಗಳಲ್ಲಿ ಯಾವುದು ಸರಿ ಎಂದು ತಿಳಿಯುವ ಬಗೆ ಸೂಚಿಸಿ.