ಪುಕ್ಕಟೆ ಆಟದ ಬಿಲ್ ಯಾರ ಹೆಸರಿಗೆ?

ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ನನ್ನ ಮಟ್ಟಿಗೆ ಭಾರಿ ಲಾಭದ ಆಟ. ವರ್ಷಗಳಿಂದ ಆಡುತ್ತಿದ್ದೇನೆ; ನನ್ನಿಂದ ಅದಕ್ಕೆ ಎರಡು ಸಿನಿಮಾ ಟಿಕೆಟ್ಟಿನಷ್ಟು ದುಡ್ಡೂ ಹೋಗಿಲ್ಲ. ಫಿನ್‌ಲ್ಯಾಂಡಿನ ಸೂಪರ್‌ಸೆಲ್ 2012ರಲ್ಲಿ ಬಿಟ್ಟ ಈ ಆಟದಲ್ಲಿ ನಮ್ಮ ಹಳ್ಳಿ ಕಟ್ಟಬೇಕು, ಇನ್ನೊಬ್ಬರ ಹಳ್ಳಿ ದೋಚಬೇಕು. ಫಿರಂಗಿಯೊಂದನ್ನು ಬಲಪಡಿಸಲು ಮೊದಮೊದಲು ನಿಮಿಷಗಳು ಸಾಕು, ಬರಬರುತ್ತಾ ದಿನಗಟ್ಟಲೆ ಕಾಯಬೇಕು. ಕಾಯಲಾರದವರಿಗೆ ಹಸಿರು ಜೆಮ್ ಇದೆ. ಬಹುಕಾಲದಿಂದ ನಡೆದುಬಂದ ದರದಲ್ಲಿ ಒಂದು ಗಂಟೆ ಉಳಿಸಲು 20 ಜೆಮ್, ಒಂದು ದಿನ ಉಳಿಸಲು 260. ದುಡ್ಡು ಕೊಟ್ಟು ಜೆಮ್ ಕೊಳ್ಳಬಹುದು. ಹಳ್ಳಿಯಲ್ಲಿ ಬೆಳೆದ ಪೊದೆ ಕಡಿದರೂ ಒಂದಿಷ್ಟು ಸಿಗುತ್ತವೆ. ನಾನು ಪೊದೆ ಕಡಿಯುವವಳು. ರಾತ್ರಿ ಕೆಲಸ ಹಚ್ಚಿ ಮಲಗುತ್ತೇನೆ, ಕಾಯುವುದಕ್ಕೆ ನನಗೇನೂ ಬೇಸರವಿಲ್ಲ.

ಆದರೆ ದುಡ್ಡಿನ ವಿಷಯ ಬರೆಯುವವಳಿಗೆ ಸುಮ್ಮನೆ ಆಡಲೂ ಆಗುವುದಿಲ್ಲ. ಸರ್ವರ್, ಎಂಜಿನಿಯರುಗಳ ಸಂಬಳ, ಜಾಹೀರಾತು, ಅದರ ಮೇಲೆ ಲಾಭ: ಇವನ್ನೆಲ್ಲ ಯಾರು ಕೊಡುತ್ತಿದ್ದಾರೆ? ಸಣ್ಣ ಲಾಭದ ಮಾತಲ್ಲ ಇದು. ಕ್ಯಾಂಡಿ ಕ್ರಷ್ ಮಾಡಿದ ಕಿಂಗ್ ಕಂಪನಿಯನ್ನು ಆಕ್ಟಿವಿಷನ್ 2016ರಲ್ಲಿ 5.9 ಬಿಲಿಯನ್ ಡಾಲರಿಗೆ ಕೊಂಡಿತು. ಡೌನ್‌ಲೋಡ್ ಮಾಡಲು ಒಂದು ಪೈಸೆಯೂ ಬೇಡದ ಆಟದಿಂದ ಹೆಸರಾದ ಕಂಪನಿಗೆ ಆ ಬೆಲೆ!

ಈ ವ್ಯಾಪಾರದಲ್ಲಿ ಒಳಗುಟ್ಟೇನೂ ಇಲ್ಲ, ಉದ್ಯಮದವರೇ ಹೇಳಿಕೊಳ್ಳುತ್ತಾರೆ. ಆಡುವವರಲ್ಲಿ ಬಹುಪಾಲು ಜನ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಕೊಡುವ ಸಣ್ಣ ಗುಂಪಿನೊಳಗೂ ಬೆರಳೆಣಿಕೆಯವರು ಮತ್ತೆ ಮತ್ತೆ ಕೊಡುತ್ತಾರೆ. ಆಟ ನಿಂತಿರುವುದು ಅವರ ಮೇಲೆ. ಧರ್ಮಸ್ಥಳದಲ್ಲೂ ನಾವು ಪುಕ್ಕಟೆ ಉಣ್ಣುತ್ತೇವೆ, ಯಾರೋ ಕೊಟ್ಟದ್ದನ್ನೇ ಉಣ್ಣುತ್ತೇವೆ. ಆದರೆ ಅಲ್ಲಿ ಕೊಟ್ಟವರಿಗೆ ಎಷ್ಟು ಕೊಟ್ಟೆವೆಂದು ಗೊತ್ತು, ರಸೀದಿ ಅವರ ಕೈಲಿರುತ್ತದೆ. ಇಲ್ಲಿ ಕೊಡುತ್ತಿರುವವರಿಗೇ ಮೊತ್ತ ಗೊತ್ತಿರುವುದಿಲ್ಲ.

ಇದು ನನಗೆ ಅರ್ಥವಾದದ್ದು ಅಕ್ಕನ ಮಗನಿಂದ. ಬೆಂಗಳೂರಿನಲ್ಲಿ ಮೊದಲ ಕೆಲಸ. ಎಸ್‌ಐಪಿ ಶುರುಮಾಡಬೇಕು, ತಿಂಗಳಿಗೆ ಎಷ್ಟು ಹಾಕಲಿ ಎಂದು ಕೇಳಿದ. ಬ್ಯಾಂಕ್ ಸ್ಟೇಟ್‌ಮೆಂಟ್ ತಾ ಅಂದೆ. ದುಡ್ಡು ಕೊಟ್ಟು ಲಾಟರಿ ಚೀಟಿಯಂತೆ ಪಾತ್ರಗಳನ್ನು ಎಳೆಯುವ ಒಂದೇ ಆಟದ ಟಾಪ್-ಅಪ್‌ಗಳು ಸಾಲುಸಾಲಾಗಿ ಕೂತಿದ್ದವು, ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ. ಕೂಡಿಸಿದೆ. ಅವನ ಪಿಜಿ ಬಾಡಿಗೆಗಿಂತ ಹೆಚ್ಚು. ಅವನು ಅದರ ಕಾಲು ಭಾಗ ಇರಬಹುದೆಂದು ತಿಳಿದಿದ್ದ. ಬೈಯಲಿಲ್ಲ, ಯಾಕೆ ಅಂತಷ್ಟೇ ಕೇಳಿದೆ. “ಇನ್ನು ಹತ್ತು ಸಲ ಎಳೆದರೆ ಗ್ಯಾರಂಟಿ ಸಿಗುತ್ತೆ, ನಾಳೆಗೆ ಡೇಟ್ ಮುಗಿಯುತ್ತೆ ಅನ್ನುವಾಗ ಬಿಡೋಕಾಗುತ್ತಾ ಚಿಕ್ಕಮ್ಮ? ಹಾಕಿದ್ದೆಲ್ಲ ವೇಸ್ಟ್ ಆಗಲ್ವಾ?”

ಅವನ ಪ್ರಶ್ನೆ ದಡ್ಡತನದ್ದಲ್ಲ. ಅವನಿಗೆ ಹಾಗನ್ನಿಸಲೆಂದೇ ಆ ಅಂಗಡಿಯನ್ನು ಕಟ್ಟಿರುತ್ತಾರೆ. ಅವನದಲ್ಲದ, ಆದರೆ ಅದೇ ಜಾತಿಯ ಗೆನ್ಶಿನ್ ಇಂಪ್ಯಾಕ್ಟ್‌ನ ಲೆಕ್ಕ ನೋಡಿ, ಅದು ಬಹಿರಂಗವಾಗಿಯೇ ಇದೆ. ಒಮ್ಮೆ ಎಳೆದರೆ ಐದು ನಕ್ಷತ್ರದ ಪಾತ್ರ ಸಿಗುವ ಸಾಧ್ಯತೆ 0.6%. ಅಂದರೆ 70 ಸಲ ಎಳೆದ ಮೂವರಲ್ಲಿ ಸುಮಾರು ಇಬ್ಬರಿಗೆ ಅಂಥ ಪಾತ್ರ ಸಿಕ್ಕಿರುವುದಿಲ್ಲ. 90ನೆಯದಕ್ಕೆ ಖಾತ್ರಿ. ಆದರೂ ಸಿಕ್ಕಿದ್ದು ನಮಗೆ ಬೇಕಾದ ಪಾತ್ರವೇ ಆಗಬೇಕಿಲ್ಲ. ಅದೃಷ್ಟ ಪೂರ್ತಿ ಕೈಕೊಟ್ಟರೆ 180ರವರೆಗೆ ಹೋಗಬೇಕು. ಒಂದು ಎಳೆತಕ್ಕೆ 160 ಪ್ರಿಮೊಜೆಮ್, ಒಟ್ಟು 28,800. ಅದು ರೂಪಾಯಿಯಲ್ಲಿ ಎಷ್ಟು? ರೂಪಾಯಿ ಕೊಟ್ಟು ಒಂದು ಬಗೆಯ ಹರಳು ಕೊಂಡು, ಅದನ್ನು ಪ್ರಿಮೊಜೆಮ್ ಮಾಡಿಕೊಂಡು, ಅದರಿಂದ ಎಳೆಯುವ ಟೋಕನ್ ಪಡೆಯಬೇಕು. ಅಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ರೂಪಾಯಿಯ ನೆನಪೇ ಹೋಗಿರುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನೇ ಹಿಡಿಯಿತು. 2025ರ ಜನವರಿಯಲ್ಲಿ ಈ ಆಟದವರು 20 ಮಿಲಿಯನ್ ಡಾಲರ್ ಕಟ್ಟಲು ಒಪ್ಪಿದರು. 16ರೊಳಗಿನ ಮಕ್ಕಳಿಗೆ ಹೆತ್ತವರ ಒಪ್ಪಿಗೆಯಿಲ್ಲದೆ ಇಂಥ ಅದೃಷ್ಟದ ಪೆಟ್ಟಿಗೆ ಮಾರುವಂತಿಲ್ಲ ಎಂದಾಯಿತು.

ಹಾಗಾದರೆ ಇಡೀ ಪದ್ಧತಿಯೇ ಮೋಸವೇ? ಹಾಗನ್ನಲಾರೆ. ಈ ಆಟಗಳು ಮಾರುವುದು ಮುಖ್ಯವಾಗಿ ಮೂರು ಸರಕು: ಉಡುಗೆ, ಸಮಯ, ಅದೃಷ್ಟ. ಡೋಟಾ 2 ಉಡುಗೆ ಮಾರುತ್ತದೆ. ಆಟಕ್ಕೆ ಬೇಕಾದ ವೀರರೆಲ್ಲ ಎಲ್ಲರಿಗೂ ಪುಕ್ಕಟೆ, ದುಡ್ಡು ಕೊಟ್ಟವನ ಕತ್ತಿ ಹೆಚ್ಚು ಹರಿತವಾಗುವುದಿಲ್ಲ. ಇದಕ್ಕಿಂತ ಪ್ರಾಮಾಣಿಕ ವ್ಯಾಪಾರ ನಮ್ಮ ಚಿಕ್ಕಪೇಟೆಯಲ್ಲೂ ಕಡಿಮೆ. ಸಮಯ ಮಾರುವವರ ಬಗ್ಗೆ ನನಗೆ ಅರೆಮನಸ್ಸು: ಕಾಯುವ ಕಷ್ಟವನ್ನು ತಾವೇ ಸೃಷ್ಟಿಸಿ ಪರಿಹಾರ ಮಾರುತ್ತಾರೆ. ಆದರೂ ಏನು ಕೊಟ್ಟೆ, ಏನು ಸಿಕ್ಕಿತು ಎಂಬುದು ಕಣ್ಣೆದುರೇ ಇರುತ್ತದೆ, ಕಾಯುವ ದಾರಿಯೂ ತೆರೆದಿರುತ್ತದೆ. ಅದೃಷ್ಟ ಮಾರುವುದಕ್ಕೆ ಮಾತ್ರ ನನ್ನ ತಕರಾರು. ಅಲ್ಲಿ ಬೇಕಾದ ವಸ್ತುವಿಗೆ ಬೆಲೆಯೇ ಇಲ್ಲ, ಇರುವುದು ಪ್ರಯತ್ನಕ್ಕೆ ಬೆಲೆ. ಬೆಲೆ ತಿಳಿಯದ ವಸ್ತುವಿಗೆ ಬಜೆಟ್ ಹಾಕುವುದು ಹೇಗೆ? ಜಪಾನ್ 2012ರಲ್ಲೇ ಗಾಚಾ ಎಂಬ ಈ ಎಳೆಯುವ ಪದ್ಧತಿಯ ಒಂದು ಬಗೆಯನ್ನು ತಡೆಯಿತು. ಬೆಲ್ಜಿಯಂ 2018ರಲ್ಲಿ ಫಿಫಾ 18, ಓವರ್‌ವಾಚ್ ಆಟಗಳ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ನಿಗದಿ ಬೆಲೆಯ ಅಂಗಡಿಯಲ್ಲೂ ಕೈ ಜಾರುವಂತೆ ಮಾಡಬಹುದು ಅನ್ನುವುದಕ್ಕೆ ಫೋರ್ಟ್‌ನೈಟ್ ಸಾಕ್ಷಿ. ಒಂದೇ ಬಟನ್ ಒತ್ತಿದರೆ ಖರೀದಿ. ಸ್ಲೀಪ್‌ನಿಂದ ಆಟವನ್ನು ಎಬ್ಬಿಸಲು ಹೋದರೂ ದುಡ್ಡು ಹೋಗಬಹುದಿತ್ತು ಎಂಬುದು ಅದೇ ಕಮಿಷನ್ನಿನ ದೂರು. 2022ರ ಡಿಸೆಂಬರಿನಲ್ಲಿ ಎಪಿಕ್ ಗೇಮ್ಸ್ ಒಪ್ಪಿದ 520 ಮಿಲಿಯನ್ ಡಾಲರಿನಲ್ಲಿ 245 ಮಿಲಿಯನ್ ಹೀಗೆ ಕಳೆದುಕೊಂಡವರಿಗೆ ಮರಳಿಸಲು, ಉಳಿದದ್ದು ಮಕ್ಕಳ ಖಾಸಗಿತನದ ಉಲ್ಲಂಘನೆಗೆ.

ನಮ್ಮಲ್ಲಿ? 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ಗುರಿಯಾಗಿಟ್ಟದ್ದು. ಬಿಜಿಎಂಐ ಆಟದಲ್ಲಿ ಕ್ರೇಟ್ ಎಂಬ ಪೆಟ್ಟಿಗೆ ಒಡೆದರೆ ಸಿಗುವುದು ಬಂದೂಕಿನ ಬಣ್ಣ, ನಗದಲ್ಲ. ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ ವಿರುದ್ಧದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಸುಳ್ಳು ತರಾತುರಿಯನ್ನು ನಿಷೇಧಿಸುತ್ತದೆ; ಆದರೆ ಗಡುವು ನಿಜವೇ ಆಗಿದ್ದರೆ ಅದು ತಟ್ಟುವುದು ಕಷ್ಟ. ಹಾಗಾಗಿ ಸದ್ಯಕ್ಕೆ ಕಾವಲು ನಮ್ಮ ಕೈಲೇ ಇದೆ.

ಅಕ್ಕನ ಮಗನಿಗೆ ಆಟ ಬಿಡು ಅನ್ನಲಿಲ್ಲ. ಹೇಳಿದ್ದು ಇಷ್ಟೇ: ಕಾರ್ಡನ್ನೂ ಯುಪಿಐಯನ್ನೂ ಪ್ಲೇ ಸ್ಟೋರಿನಿಂದ ತೆಗೆ. ತಿಂಗಳ ಮೊದಲ ವಾರ ಒಂದು ಗಿಫ್ಟ್ ಕಾರ್ಡ್ ಹಾಕಿಕೋ, ಅದು ಮುಗಿದರೆ ಮುಂದಿನ ತಿಂಗಳೇ. ಪ್ಲೇ ಸ್ಟೋರಿನಲ್ಲಿ ತಿಂಗಳ ಬಜೆಟ್ ಇಡಬಹುದು, ಆದರೆ ಅದು ಎಚ್ಚರಿಸುತ್ತದೆಯೇ ಹೊರತು ತಡೆಯುವುದಿಲ್ಲ. ಗಿಫ್ಟ್ ಕಾರ್ಡ್ ತಡೆಯುತ್ತದೆ. ಮನೆಯಲ್ಲಿ ಮಕ್ಕಳಿರುವವರು ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಸೆಟ್ಟಿಂಗ್ ಬದಲಿಸಲಿ. ಮಗು ಗೊತ್ತಿಲ್ಲದೆ ಕೊಂಡಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ರೀಫಂಡ್ ಕೇಳಲಿ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಕೇಳುವಾಗ ಆ ಮಾತನ್ನೂ ಬರೆಯಲಿ.

ನನಗೆ ಈ ಆಟಗಳು ನ್ಯಾಯಕ್ಕಿಂತ ಹೆಚ್ಚೇ ಕೊಟ್ಟಿವೆ, ಒಪ್ಪುತ್ತೇನೆ. ಆದರೆ ಪುಕ್ಕಟೆ ಆಡುವವಳ ತೃಪ್ತಿಯಿಂದ ಈ ವ್ಯಾಪಾರವನ್ನು ಅಳೆಯಬಾರದು. ಅತಿ ಹೆಚ್ಚು ಕೊಡುವವನಿಂದ ಅಳೆಯಬೇಕು. 2025ರ ಮಾರ್ಚಿನಲ್ಲಿ ಯುರೋಪಿನ ಗ್ರಾಹಕ ಸಂರಕ್ಷಣಾ ಅಧಿಕಾರಿಗಳು ಆಟದೊಳಗಿನ ಬೆಲೆಗಳನ್ನು ನಿಜವಾದ ಹಣದಲ್ಲೂ ತೋರಿಸಬೇಕು ಎಂದರು. ನನ್ನ ಬೇಡಿಕೆ ಇನ್ನೊಂದು ಸಾಲಿನದು. ಅಂಗಡಿಯ ಪರದೆಯ ಮೇಲೆ, ಖರೀದಿ ಬಟನ್ನಿನ ಪಕ್ಕದಲ್ಲೇ, ಈ ತಿಂಗಳು ಮತ್ತು ಈವರೆಗೆ ಒಟ್ಟು ಎಷ್ಟು ರೂಪಾಯಿ ಕೊಟ್ಟಿದ್ದೀರಿ ಎಂದು ದಪ್ಪ ಅಕ್ಷರದಲ್ಲಿ ಬರೆಯಲಿ. ಆ ಅಂಕಿ ಅವರ ಕಂಪ್ಯೂಟರಿನಲ್ಲಿ ಹೇಗೂ ಇದೆ. ಅದನ್ನು ತೋರಿಸಿದ ಮೇಲೂ ಕೊಳ್ಳುವವರು ಕೊಳ್ಳುತ್ತಾರಾದರೆ ಅದು ನ್ಯಾಯವಾದ ವ್ಯಾಪಾರ. ತೋರಿಸಿದರೆ ವ್ಯಾಪಾರ ಕೆಡುತ್ತದೆ ಅನ್ನುವ ಆಟಕ್ಕೆ ನಮ್ಮ ಒಂದು ರೂಪಾಯಿಯೂ ಬೇಡ.